ಫ್ಯೂಸ್ ಹಾಕುವ ಮೊದಲು

ಶಿರಸಿ

ಚಿ. ಗಣಪತಿಗೆ ಮಾವನ ಆಶೀರ್ವಾದಗಳು.

ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಢಂ ಅಂದಿತು, ಫ್ಯೂಸ್ ಬದಲಿಸಿದರೆ ಸಾಕಾ ಎಂದು ಕೇಳಿದ್ದೀಯ. ಸಾಲದು ಮಾರಾಯ. ಫ್ಯೂಸನ್ನು ಕೊಂದದ್ದು ಇನ್ನೂ ಒಳಗೇ ಕೂತಿದೆ. ಹಾಗೇ ಪ್ಲಗ್ ಹಾಕಿದರೆ ಹೊಸ ಫ್ಯೂಸೂ ಹೋಗುತ್ತದೆ, ಉಳಿದಿದ್ದ ಒಂದೆರಡು ಭಾಗಗಳೂ ಹೋಗುತ್ತವೆ.

ಮೊದಲು ಹಿಂಬದಿಯ ಕೆಂಪು ಸ್ವಿಚ್ ನೋಡು. 115ರಲ್ಲಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಒಳಗೆ 200 ವೋಲ್ಟ್ ತಾಳುವ ಎರಡು ದೊಡ್ಡ ಕೆಪಾಸಿಟರ್ (ಕರೆಂಟ್ ಕೂಡಿಡುವ ಡಬ್ಬಿಗಳು) ಒಂದರ ಹಿಂದೊಂದಾಗಿ ಸೀರೀಸಿನಲ್ಲಿವೆ. ಸ್ವಿಚ್ 230ರಲ್ಲಿದ್ದಾಗ ಎರಡೂ ಸೇರಿ 325 ವೋಲ್ಟ್ ಡಿಸಿ ಹೊರುತ್ತವೆ, ಒಂದರ ಪಾಲಿಗೆ 162ರಷ್ಟು. 115ಕ್ಕೆ ತಳ್ಳಿದರೆ ಅದೇ ಸರ್ಕ್ಯೂಟ್ ಡಬ್ಲರ್ ಆಗಿ, ಅಂದರೆ ವೋಲ್ಟೇಜ್ ಇಮ್ಮಡಿ ಮಾಡಿ, ಒಂದೊಂದರ ಮೇಲೂ ಪೂರ್ತಿ 325 ಬೀಳುತ್ತದೆ. ಒಡೆಯದೆ ಏನು ಮಾಡೀತು?

ಸ್ವಿಚ್ 230ರಲ್ಲೇ ಇದ್ದರೆ ಸಂಶಯ ಗೋಡೆಯ ಪ್ಲಗ್ಗಿನ ಮೇಲೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ಕಡಿದರೆ ಮನೆಯೊಳಗೆ 400ರ ಹತ್ತಿರ ಬರಬಹುದು. ಕೆಲವು ದೀಪ ಕಣ್ಣು ಕುಕ್ಕುವಂತೆ, ಕೆಲವು ಮಂಕಾಗಿ ಉರಿದರೆ ಅದೇ ಲಕ್ಷಣ. ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳು. ಅದು ಸರಿಯಾಗದೆ ರಿಪೇರಿಗೆ ಕೈ ಹಾಕಬೇಡ.

ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆ. ಮೀನುಪೇಟೆಯಂಥ ವಾಸನೆ ಬಂದರೆ ಅದು ಕೆಪಾಸಿಟರ್ ಕಕ್ಕಿದ ದ್ರವ. ಫ್ಯೂಸ್ ಹೋಗಿದೆ ಅಂದ ಮಾತ್ರಕ್ಕೆ ಒಳಗೆ ಕರೆಂಟಿಲ್ಲ ಎಂದುಕೊಳ್ಳಬೇಡ. 2.2 ಕಿಲೋ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರಿನ ಕಾಲುಗಳಿಗೆ ಇನ್ಸುಲೇಷನ್ ಇರುವ ವೈರ್ ಬೆಸೆದುಕೊಂಡು, ಒಂದೊಂದು ಕೆಪಾಸಿಟರಿನ ಎರಡು ತುದಿಗೂ ಹತ್ತು ಸೆಕೆಂಡ್ ಹಿಡಿ. ಮೀಟರಿನಲ್ಲಿ ಐದು ವೋಲ್ಟಿಗಿಂತ ಕೆಳಗಿಳಿದ ಮೇಲಷ್ಟೇ ಬೋರ್ಡ್ ಮುಟ್ಟು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬೇಡವೇ ಬೇಡ.

ಇನ್ನು ತಪಾಸಣೆ. ಕೆಪಾಸಿಟರುಗಳ ಪಕ್ಕದಲ್ಲಿ ಗುಂಡಿಯಂತೆ ಕಾಣುವ ಎರಡು ವೇರಿಸ್ಟರ್, ಅಂದರೆ ಹೆಚ್ಚಿನ ವೋಲ್ಟೇಜಿನಿಂದ ಕಾಯುವ ಭಾಗ, ಇರುತ್ತವೆ (ಕೆಲವು ಬೋರ್ಡಿನಲ್ಲಿ ಕಂಪನಿಯವರೇ ಬಿಟ್ಟಿರುತ್ತಾರೆ). ಹೆಚ್ಚಿನ ವೋಲ್ಟೇಜಿಗೆ ಇವೇ ಮೊದಲು ಶಾರ್ಟ್ ಆಗಿ ಫ್ಯೂಸ್ ಕಳೆಯುತ್ತವೆ. ಇವನ್ನು ಕಿತ್ತು ಬಿಸಾಡಿ ಹಾಗೇ ನಡೆಸುವವರಿದ್ದಾರೆ. ನೀನು ಅದೇ ನಂಬರಿನದು ಹಾಕು. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ನಾಲ್ಕೂ ಡಯೋಡನ್ನು ಮೀಟರಿನ ಡಯೋಡ್ ಗುರುತಿನಲ್ಲಿಟ್ಟು ನೋಡಿದರೆ ಒಂದು ಕಡೆ 0.5ರಷ್ಟು ತೋರಿಸಬೇಕು, ತಿರುಗಿಸಿದರೆ ಏನೂ ತೋರಿಸಬಾರದು. ಆಮೇಲೆ ಹೀಟ್‌ಸಿಂಕಿನ ಮೇಲಿರುವ ಟ್ರಾನ್ಸಿಸ್ಟರ್ ಜೋಡಿ, ಹಳೆಯ ಸಪ್ಲೈಗಳಲ್ಲಿ ಹೆಚ್ಚಾಗಿ 13007 ನಂಬರಿನವು. ಬೋರ್ಡಿನಿಂದ ಬಿಚ್ಚಿಯೇ ನೋಡು, ಅಲ್ಲೇ ಇಟ್ಟು ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಒಂದೇ ಹೋಗಿದ್ದರೂ ಎರಡನ್ನೂ ಬದಲಿಸು, ಅವುಗಳ ಬೇಸಿನ ಚಿಕ್ಕ ರೆಸಿಸ್ಟರುಗಳನ್ನೂ ಅಳೆ. ಹೀಟ್‌ಸಿಂಕಿಗೂ ಟ್ರಾನ್ಸಿಸ್ಟರಿಗೂ ನಡುವಿನ ಮೈಕಾ ಹಾಳೆ, ಬಿಳಿ ಪೇಸ್ಟ್ ಮರೆಯಬೇಡ. ಎಲ್ಲರೂ ಬಿಟ್ಟುಬಿಡುವುದು ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಕೊಡುವ ಸ್ಟ್ಯಾಂಡ್‌ಬೈ ಭಾಗವನ್ನು: ಎರಡೂ ಕೆಪಾಸಿಟರಿನ 325 ಸೇರಿ ಆಗುವ 650 ವೋಲ್ಟಿಗೆ ಅದರ ಟ್ರಾನ್ಸಿಸ್ಟರೂ ಸಾಯುತ್ತದೆ.

ಕೆಪಾಸಿಟರ್ ಒಂದೇ ಉಬ್ಬಿದ್ದರೂ ಎರಡನ್ನೂ ತೆಗೆ. ಮೈಮೇಲಿರುವ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, 470 ಇದ್ದರೆ 470. ವೋಲ್ಟ್ 200ಕ್ಕೆ ಕಮ್ಮಿ ಆಗಬಾರದು, ಶಾಖ 105 ಡಿಗ್ರಿ ತಾಳುವಂಥದು. ಹಳೆಯದನ್ನು ಅಂಗಡಿಗೆ ಒಯ್ಯಿ, ಎತ್ತರ ಜಾಸ್ತಿಯಾದರೆ ಮುಚ್ಚಳ ಕೂರುವುದಿಲ್ಲ. ಪಟ್ಟಿ ಇರುವ ಬದಿ ಮೈನಸ್. ಸೋರಿದ ದ್ರವವನ್ನು ಐಸೊಪ್ರೊಪೈಲ್ ಹಾಕಿ ಬ್ರಷ್ಷಿನಿಂದ ಉಜ್ಜು. ಕಾರವಾರದ ಉಪ್ಪುಗಾಳಿಯೂ ಅದಕ್ಕೆ ಸೇರಿದರೆ ತಾಮ್ರದ ಗೆರೆ ಉಳಿಯುವುದಿಲ್ಲ.

ಹೊಸ ಫ್ಯೂಸ್ ಹಾಕಿ ಮೊದಲ ಸಲ ಕರೆಂಟ್ ಕೊಡುವಾಗ ಫೇಸಿನಲ್ಲಿ 100 ವ್ಯಾಟಿನ ಹಳೇ ನಮೂನೆ ಬಲ್ಬ್ ಸೀರೀಸ್ ಹಾಕು, ಎಲ್‌ಇಡಿ ನಡೆಯದು. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ನೇರಳೆ ವೈರಿನಲ್ಲಿ 5 ವೋಲ್ಟ್ ಬಂದ ಮೇಲೆ ಬಲ್ಬ್ ತೆಗೆದು ನೇರ ಕೊಡು, ಒಂದು ಹಳೇ ಹಾರ್ಡ್ ಡಿಸ್ಕ್ ಲೋಡಿಗೆ ಸಿಕ್ಕಿಸಿ ಹಸಿರನ್ನು ಕಪ್ಪಿಗೆ ತಾಗಿಸು. ಫ್ಯಾನ್ ತಿರುಗಬೇಕು. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ಸಿಗದೆ ಮದರ್‌ಬೋರ್ಡಿಗೆ ಜೋಡಿಸಬೇಡ.

ಮುಚ್ಚಳ ಹಾಕುವ ಮೊದಲು ಪ್ಲಗ್ ಕಿತ್ತು ಮತ್ತೊಮ್ಮೆ ಕೆಪಾಸಿಟರ್ ಖಾಲಿ ಮಾಡಿ, ಆ ಕೆಂಪು ಸ್ವಿಚ್ಚಿನ ಎರಡೂ ವೈರ್ ಕಿತ್ತು ಬೇರೆಬೇರೆಯಾಗಿ ಸ್ಲೀವ್ ಹಾಕಿಬಿಡು. 230ರಲ್ಲಿ ಅದು ತೆರೆದೇ ಇರುವ ಸ್ವಿಚ್. ಇನ್ನು ಯಾರು ಹೇಗೆ ತಳ್ಳಿದರೂ ಏನೂ ಆಗದು.

ಇತಿ,
ನಿನ್ನ ಮಾವ