ಎದೆಗಲ್ಲ, ಮಣಿಕಟ್ಟಿಗೆ

ತಮ್ಮಾ,

ನಿನ್ ಕಥೆ ಎರಡು ಸಲ ಓದ್ದೆ. ಮೂರು ಪೇಜ್ ಕತ್ತಿ ಕಾಳಗ ಇದ್ಯಲ್ಲ, ಅದ್ರಲ್ಲಿ ನಿನ್ ಹೀರೋ ರಾಜಕುಮಾರ ನುಗ್ಗಿದವನೇ ಸೀದಾ ಎದೆಗೆ ಗುರಿ ಇಡ್ತಾನೆ, ಅಲ್ಲೇ ಗೊತ್ತಾಗೋಯ್ತು ನೀನು ಕತ್ತಿ ನೋಡಿರೋದು ಸಿನಿಮಾದಲ್ಲಿ ಮಾತ್ರ ಅಂತ. ಬೇಜಾರಾಗ್ಬೇಡ, ನಾನೂ ಅಷ್ಟೇ.

ಜ್ಯಾಂ ಜೋಸೆಫ್-ರೆನೋ ಅಂತ ಒಬ್ಬ ಇದ್ದ, ಪ್ಯಾರಿಸ್ಸಿನವನು, 1873ರಲ್ಲಿ ಹುಟ್ಟಿದ್ದು. ಕಾದಂಬರಿ ಬರೀತಿದ್ದ, ಆಸ್ಕರ್ ವೈಲ್ಡ್‌ನ ಪ್ರಬಂಧಗಳನ್ನ ಫ್ರೆಂಚಿಗೆ ತಂದ, ಜೊತೆಗೆ 1900 ಮತ್ತೆ 1908ರ ಒಲಿಂಪಿಕ್ಸಲ್ಲಿ ಫೆನ್ಸಿಂಗ್, ಅಂದ್ರೆ ಕತ್ತಿವರಸೆ ಆಡ್ದ. ಅಲ್ಲಿ ಆಗ ಬರಹಗಾರರು ಸಿಟ್ಟು ಬಂದ್ರೆ ಡ್ಯುಯೆಲ್‌ಗೇ, ಅಂದ್ರೆ ಆಯುಧ ಹಿಡಿದು ಒಬ್ಬರಿಗೊಬ್ರು ಎದುರು ನಿಂತು ಕಾದೋಕೇ ಹೋಗ್ತಿದ್ರು ಕಣೋ, ಕಾದಂಬರಿಕಾರ ಪ್ರೂಸ್ಟ್‌ನಂಥ ಸೂಕ್ಷ್ಮದವನೂ 1897ರಲ್ಲಿ ತನ್ನ ಪುಸ್ತಕ ಆಡ್ಕೊಂಡ ವಿಮರ್ಶಕನ ಎದುರು ಪಿಸ್ತೂಲ್ ಹಿಡ್ಕೊಂಡು ನಿಂತಿದ್ದ (ಇಬ್ರಿಗೂ ಏನೂ ಆಗ್ಲಿಲ್ಲ ಬಿಡು, ನಮ್ ವಿಮರ್ಶಕರು ಪುಣ್ಯವಂತರು).

ಫೆನ್ಸಿಂಗಲ್ಲಿ ಎಪೇ ಅನ್ನೋ ಕತ್ತಿ ಆಟ ಆ ಡ್ಯುಯೆಲ್ ಥರಾನೇ. ಕಾಲ್ಬೆರಳಿಂದ ನೆತ್ತಿವರೆಗೆ ಎಲ್ಲಿ ಚುಚ್ಚಿದ್ರೂ ಪಾಯಿಂಟ್. ಹೊಸಬ ಎದೆ ಹುಡುಕ್ತಾನೆ, ಪಳಗಿದವನು ಎದುರಾಳಿಯ ಮಣಿಕಟ್ಟು ನೋಡ್ತಾನೆ, ಯಾಕಂದ್ರೆ ತನಗೆ ಹತ್ರ ಇರೋದು ಅದೇ, ಎದೆಗೆ ಹೋಗೋಷ್ಟರಲ್ಲಿ ತನ್ನ ಕೈಗೇ ಏಟು ಬಿದ್ದಿರುತ್ತೆ. ಎಪೇ ಹಿಡಿಗೆ ಅಷ್ಟು ದೊಡ್ಡ ಬಟ್ಟಲು ಇರೋದೂ ಅದಕ್ಕೇ, ಕೈ ಉಳಿಸ್ಕೊಳ್ಳೋಕೆ. ಇದು ಕತ್ತಿ ಹಿಡಿದು ನಿಂತವನಿಗೆ ಮೊದಲ ವಾರಾನೇ ಗೊತ್ತಾಗೋ ವಿಷ್ಯ, ನಮಗೆ ಹತ್ತು ಸಿನಿಮಾ ನೋಡಿದ್ರೂ ಹೊಳೆಯಲ್ಲ.

ಇನ್ನೊಂದು ಇದೆ. 1912ರಲ್ಲಿ ಆ ರೆನೋ ಬೀದೀಲಿ ಯಾರಾದ್ರೂ ಮೇಲೆ ಬಿದ್ರೆ ಹೆಂಗೆ ತಪ್ಪಿಸ್ಕೊಳ್ಳೋದು ಅಂತ ಒಂದು ಪುಸ್ತಕ ಬರೆದ, ಬಾಕ್ಸಿಂಗ್, ಕಾಲೊದೆತ, ವಾಕಿಂಗ್ ಸ್ಟಿಕ್, ಜಪಾನಿನ ಜುಜುತ್ಸು ಪಟ್ಟುಗಳು ಎಲ್ಲಾ ಅದ್ರಲ್ಲಿದೆ. ಕಾದಂಬರಿಗಳನ್ನ ಇವತ್ತು ಕೇಳೋರಿಲ್ಲ, ಆ ಪುಸ್ತಕಾನ ಮಾತ್ರ ಹಳೇ ವರಸೆ ಕಲಿಯೋರು ಈಗ್ಲೂ ಹುಡುಕಿ ಓದ್ತಾರೆ. ಕಾದಂಬರಿಕಾರನಿಗೆ ಇದು ಹೊಟ್ಟೆ ಉರಿಯೋ ವಿಷ್ಯಾನೇ, ಆದ್ರೆ ನನಗೇನೂ ಆಶ್ಚರ್ಯ ಆಗ್ಲಿಲ್ಲ.

ನೀನು ಕಾಲೇಜ್ ಟೀಮಲ್ಲಿ ಕಬಡ್ಡಿ ರೈಡರ್ ಅಲ್ವೇನೋ? ಕಳಿಸಿದ ನಾಲ್ಕು ಕಥೇಲಿ ಒಂದರಲ್ಲೂ ಕಬಡ್ಡಿ ಇಲ್ಲ! ಆವತ್ತು ಮನೆಗೆ ಬಂದಾಗ ಪ್ಯಾಂಟ್ ಮಡಿಸಿ ಮೊಣಕಾಲಿನ ಗಾಯ ತೋರಿಸ್ದಲ್ಲ, ಡಿಫೆಂಡರ್‌ನ ಕಣ್ಣು ನೋಡ್ಬಾರ್ದು ಸಾರ್, ಪಾದ ನೋಡ್ಬೇಕು ಅಂದ್ಯಲ್ಲ, ನನಗೆ ಅದು ಬೇಕು. ರಾಜಕುಮಾರ ಸ್ವಲ್ಪ ದಿನ ಅರಮನೇಲೇ ಇರ್ಲಿ. ಎರಡು ಪೇಜ್ ಸಾಕು, ಮುಂದಿನ ಭಾನುವಾರದೊಳಗೆ ಕಳ್ಸು, ಅಕ್ಷರ ಸ್ವಲ್ಪ ದಪ್ಪ ಇರ್ಲಿ, ನನ್ ಕನ್ನಡಕ ಹಳೇದು.