ಬಿಸಿಲ್ಗುದುರೆ ನೋಡುತ್ತಾ ಬೆಳೆದ ಮಗಳಿಗೆ

ಪ್ರೀತಿಯ ಮಗಳೆ,

ಮೊನ್ನೆ ಫೋನಿನಲ್ಲಿ ನೀನು ಸ್ನೈಪರ್ ಕೋರ್ಸಿಗೆ ಹೆಸರು ಕೊಟ್ಟಿದ್ದೇನೆ ಅಂದೆ. ನಾನು "ಆಯ್ತವ್ವಾ" ಅಂದು ಸುಮ್ಮನಾಗಿಬಿಟ್ಟೆ. ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಳು. ಅಪ್ಪನಿಗೆ ಇಷ್ಟ ಇಲ್ಲ ಅಂತ ನೀನು ತಿಳಿದಿರಬಹುದು. ಹಾಗೇನಿಲ್ಲ. ಹದಿನೇಳು ವರ್ಷ ಮಿಲಿಟರಿಯಲ್ಲಿದ್ದೆ. ಅದರಲ್ಲಿ ನಾಲ್ಕು ವರ್ಷ ಇದೇ ಕೆಲಸ, ಅಡಗಿ ಕೂತು ದೂರದ ಗುರಿ ಹೊಡೆಯುವುದು. ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಅಂದು ಫೋನಿನಲ್ಲೂ ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಸುಮನ್ ಕುಮಾರಿ ಅವರ ಹೆಸರು ಹೇಳಿದೆ. ಅವರ ಬಗ್ಗೆ ರಾತ್ರಿ ಕೂತು ಓದಿದೆ. ಹಿಮಾಚಲದ ಮಂಡಿ ಕಡೆಯ ಹುಡುಗಿ. ಪಂಜಾಬ್ ಗಡಿಯಲ್ಲಿ ಆಚೆ ಕಡೆಯ ಸ್ನೈಪರ್‌ಗಳ ಕಾಟ ಕಣ್ಣಾರೆ ಕಂಡು, ತಾವೇ ಕೇಳಿಕೊಂಡು ಇಂದೋರಿನ ಎಂಟು ವಾರದ ಕೋರ್ಸಿಗೆ ಹೋದರಂತೆ. 2024ರಲ್ಲಿ ಬಿಎಸ್‌ಎಫ್‌ನ ಮೊದಲ ಮಹಿಳಾ ಸ್ನೈಪರ್ ಆದರು. ಓದಿ ಎದೆ ತುಂಬಿ ಬಂತು.

ಸ್ನೈಪ್ ಅನ್ನೋದು ಒಂದು ಹಕ್ಕಿಯ ಹೆಸರು, ನಿನಗೆ ಗೊತ್ತಾ? ನೀನು ಚಿಕ್ಕಂದಿನಿಂದ ನೋಡಿದ ಹಕ್ಕಿಯೇ. ಚಳಿಗಾಲದಲ್ಲಿ ನಮ್ಮ ಗದ್ದೆಯ ಕೆಸರಿನಲ್ಲಿ ಉದ್ದ ಕೊಕ್ಕು ಚುಚ್ಚುತ್ತಾ ಕೂತಿರುತ್ತಲ್ಲ, ಆ ಕಂದು ಪಟ್ಟೆಯದು. ಕಾಲಿನ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಎದ್ದರೆ ಅಂಕುಡೊಂಕಾಗಿ ಹಾರಿ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ, ಇದೇ ನಮ್ಮ ದೇಶದಲ್ಲಿ, ಅದನ್ನು ಹೊಡೆಯಬಲ್ಲ ಗುರಿಕಾರನಿಗೆ ಸ್ನೈಪರ್ ಅನ್ನೋ ಹೆಸರು ಬಂತು.

ಗುರಿ ಇಡುವುದು ಈ ಕೆಲಸದ ಚಿಕ್ಕ ಭಾಗ. ಎಂಟುನೂರು ಮೀಟರ್ ದೂರಕ್ಕೆ ಹೊಡೆದ ಗುಂಡು ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಒಂದು ಮನೆಯ ಎತ್ತರಕ್ಕಿಂತ ಜಾಸ್ತಿ ಕೆಳಗಿಳಿದಿರುತ್ತದೆ. ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ಇಳಿಯುವುದು ಕಡಿಮೆ. ಬಯಲಿನಲ್ಲಿ ಬರೆದಿಟ್ಟ ಲೆಕ್ಕ ಅಲ್ಲಿ ತಪ್ಪುತ್ತದೆ. ಇವೆಲ್ಲ ಕೋಷ್ಟಕದಲ್ಲಿ ಸಿಗುತ್ತವೆ. ಅಡ್ಡಗಾಳಿ ಮಾತ್ರ ಕಣ್ಣಿನಿಂದಲೇ ತಿಳಿಯಬೇಕು. ನಿನ್ನ ಹತ್ತಿರ ಒಂದು ಕಡೆ, ಗುರಿಯ ಹತ್ತಿರ ಇನ್ನೊಂದು ಕಡೆ ಬೀಸುತ್ತಿರುತ್ತದೆ.

ಇಲ್ಲಿ ನೀನು ಗಂಗಾವತಿಯಲ್ಲಿ ಬೆಳೆದದ್ದು ಉಪಯೋಗಕ್ಕೆ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಆನೆಗುಂದಿಯ ಬಂಡೆಗಳ ಮೇಲೆ, ಕೊಯ್ದ ಗದ್ದೆಯ ಕೂಳೆ ಮೇಲೆ ಬಿಸಿಲ್ಗುದುರೆ ಕುಣಿಯುವುದನ್ನು ನೀನು ನೋಡಿದ್ದೀಯ. ಅದನ್ನೇ ದುರ್ಬೀನಿನಲ್ಲಿ ನೋಡು. ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಒಂದು ಪಕ್ಕಕ್ಕೆ ವಾಲಿದರೆ ಗಾಳಿ ಆ ಕಡೆ ಹೋಗುತ್ತಿದೆ. ಪೂರ್ತಿ ಮಲಗಿ ಹರಿದರೆ ಗಾಳಿ ಜೋರಿದೆ. ನಮ್ಮ ತರಬೇತಿಯ ಉಸ್ತಾದರು ಇದನ್ನು ಕಲಿಸುವಾಗ ಬೇರೆಯವರು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಊರಿಗೆ ಬಂದಂತಾಯಿತು.

ಆದರೆ ಮರೆಯಾಗಿ ತೆವಳುವ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದೆ. ಬೆಳಿಗ್ಗೆ, ಮೈ ಮರೆಮಾಡುವ ಗಿಲ್ಲಿ ಸೂಟಿಗೆ ಹಸಿರು ಹುಲ್ಲು ಸಿಕ್ಕಿಸಿಕೊಂಡು ಹೊರಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಬಾಡಿ ಬಣ್ಣ ಕೆಟ್ಟಿತ್ತು. ಹಸಿರಿನ ನಡುವೆ ಒಣ ಗುಡ್ಡೆಯಂತೆ ಬಿದ್ದಿದ್ದೆ. ಉಸ್ತಾದರು ದೂರದಿಂದಲೇ ಬೆರಳು ತೋರಿಸಿದರು. ದಿನಾ ದನಕ್ಕೆ ಮೇವು ಕೊಯ್ದವನಿಗೆ ಅಷ್ಟು ಹೊಳೆಯಬೇಡವಾ? ಬಹಳ ದಿನ ಆ ನಾಚಿಕೆ ಹೋಗಲಿಲ್ಲ.

ಫಿನ್ಲೆಂಡಿನ ಸ್ನೈಪರ್ ಸಿಮೊ ಹೈಹಾ ಕೂಡ ರೈತರೇ. 1939ರ ಚಳಿಗಾಲದಲ್ಲಿ ರಷ್ಯಾ ಸೇನೆ ಅವರ ದೇಶಕ್ಕೆ ನುಗ್ಗಿತು. ನೂರು ದಿನದೊಳಗೆ ಅವರು ಐನೂರಕ್ಕೂ ಹೆಚ್ಚು ಜನರನ್ನು ಹೊಡೆದ ಲೆಕ್ಕವಿದೆ. ಬಂದೂಕಿಗೆ ದುರ್ಬೀನೇ ಹಾಕುತ್ತಿರಲಿಲ್ಲ. ಗಾಜು ಮಿಂಚುತ್ತದೆ, ತಲೆಯನ್ನೂ ಸ್ವಲ್ಪ ಮೇಲೆತ್ತಬೇಕು ಅಂತ. ಉಸಿರಿನ ಹಬೆ ಕಾಣಬಾರದೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ದವಡೆಗೆ ಗುಂಡು ಬಿತ್ತು. ಆದರೂ ಬದುಕಿ, 2002ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಖ್ಯೆ ಹೇಳಿ ಹುರುಪಾಗುವವರನ್ನು ನಾನು ನೋಡಿದ್ದೇನೆ. ನನಗೆ ಬಾಯಲ್ಲಿನ ಆ ಹಿಮವೇ ದೊಡ್ಡದು ಅನಿಸುತ್ತದೆ. ಎಷ್ಟು ತಾಳ್ಮೆ ಬೇಕು, ಅಲ್ವಾ?

ಇನ್ನು ಮನಸ್ಸಿನ ವಿಷಯ. ಸಿಟ್ಟಿನವರನ್ನು, ಆತುರದವರನ್ನು ಉಸ್ತಾದರು ಮೊದಲೇ ಬೇರೆ ಮಾಡುತ್ತಿದ್ದರು. ಉಸಿರು ಬಿಟ್ಟ ಮೇಲೆ, ಮುಂದಿನದು ಎಳೆದುಕೊಳ್ಳುವ ಮೊದಲು, ಒಂದು ಸಣ್ಣ ಬಿಡುವು ಇರುತ್ತದೆ. ಬಂದೂಕಿನ ಕುದುರೆ ಅದುಮುವುದು ಆಗ. ಸಿಟ್ಟಿನವನಿಗೆ ಆ ಬಿಡುವೇ ಸಿಗುವುದಿಲ್ಲ. ಮತ್ತೆ, ಬೇರೆ ಸಿಪಾಯಿಗೆ ವೈರಿ ಅಂದರೆ ದೂರದ ಒಂದು ಚುಕ್ಕೆ. ನಿನಗೆ ಮುಖ ಕಾಣುತ್ತದೆ. 2005ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರು ಮೂವತ್ತು ಸ್ನೈಪರ್‌ಗಳನ್ನು ಮಾತಾಡಿಸಿ ಬರೆದಿದ್ದಾರೆ. ಕೊಲ್ಲುವವನು ಎದುರಿನವನನ್ನು ಮನುಷ್ಯ ಅಂತ ನೋಡುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಆ ಹುಡುಗರಲ್ಲಿ ಎಷ್ಟೋ ಜನ ಮನುಷ್ಯ ಅಂತಲೇ ನೋಡಿದ್ದರು. ನನಗೆ ಆಶ್ಚರ್ಯ ಆಗಲಿಲ್ಲ.

ಗಡಿಯ ಒಂದು ಪೋಸ್ಟಿನಲ್ಲಿ ನಾನು ಸ್ಪಾಟರ್, ಅಂದರೆ ಗುರಿ ನೋಡಿ ದೂರ, ಗಾಳಿ ಹೇಳುವವನು. ಜೊತೆಯವನ ಕೈಯಲ್ಲಿ ಡ್ರಾಗುನೋವ್ ರೈಫಲ್. ಎದುರಿನ ಬಂಕರಿನ ಒಬ್ಬನನ್ನು ನಾಲ್ಕು ದಿನ ನೋಡಿದೆವು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಬೆಳಿಗ್ಗೆ ಮುಖ ತೊಳೆದು ಟವೆಲ್ಲನ್ನು ಕಲ್ಲಿನ ಮೇಲೆ ಹರವುತ್ತಿದ್ದ, ಹಾರದಂತೆ ತುದಿಗೆ ಒಂದು ಸಣ್ಣ ಕಲ್ಲು ಇಡುತ್ತಿದ್ದ. ಒಂದು ಮಧ್ಯಾಹ್ನ ಬೂಟು ಹೊಲಿಯುತ್ತಾ ಕೂತ. ನಾನು ದೂರ ಹೇಳಿದೆ, ಗಾಳಿ ಹೇಳಿದೆ. ಹೊಡೆಯಲು ಆರ್ಡರ್ ಬರಲಿಲ್ಲ. ಐದನೇ ದಿನ ಟವೆಲ್ ಅಲ್ಲೇ ಇತ್ತು, ಅವನು ಬರಲಿಲ್ಲ. ಆರನೇ ದಿನವೂ ಯಾರೂ ಅದನ್ನು ತೆಗೆಯಲಿಲ್ಲ.

ನಾವು ಒಂದು ಗುಂಡೂ ಹಾರಿಸಿರಲಿಲ್ಲ. ಆದರೂ ನನಗೆ ಊಟ ಸೇರಲಿಲ್ಲ. ಆರ್ಡರ್ ಬಂದಿದ್ದರೆ ಹೊಡೆಯುತ್ತಿದ್ದೆವು, ಅದರಲ್ಲಿ ನನಗೆ ಅನುಮಾನವಿಲ್ಲ. ಆಚೆ ಕಡೆಯವನು ನಮ್ಮ ಹುಡುಗರನ್ನೂ ಹಾಗೇ ನೋಡುತ್ತಿದ್ದ. ಜೊತೆಯವನಿಗೂ ಹೀಗೇ ಆಗುತ್ತಿತ್ತಾ? ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ನಾನು ಎಷ್ಟೋ ರಾತ್ರಿ ಅಂಗಳದಲ್ಲಿ ಕೂತಿರುತ್ತಿದ್ದೆ. ನೀನು ಎದ್ದು ಬಂದು "ಯಾಕಪ್ಪಾ?" ಅಂತ ಕೇಳುತ್ತಿದ್ದೆ. ನಾನು ಸೆಕೆ ಅಂತ ಹೇಳುತ್ತಿದ್ದೆ. ಸೆಕೆ ಇರಲಿಲ್ಲವ್ವಾ.

ನೀನು ನನ್ನ ಹಾಗೆ ಬಾಯಿ ಕಟ್ಟಿಕೊಂಡು ಕೂರಬೇಡ. ಜೊತೆಗಾರ್ತಿ ಸಿಕ್ಕ ದಿನದಿಂದಲೇ ಮಾತಾಡುವ ರೂಢಿ ಇಟ್ಟುಕೋ. ಭಾನುವಾರ ರಾತ್ರಿ ನನಗೆ ಫೋನ್ ಮಾಡು. ಏನು ಕಂಡೆ ಅಂತ ಹೇಳುವ ಹಾಗಿರುವುದಿಲ್ಲ, ನನಗೆ ಗೊತ್ತು. ಹೇಗಿದ್ದೀಯ ಅಂತ ಹೇಳಿದರೆ ಸಾಕು.

ಇಲ್ಲಿ ಭತ್ತದ ಕೊಯ್ಲು ಮುಗಿದಿದೆ. ಹಕ್ಕಿಗಳು ಬಂದಿವೆ. ನಿನ್ನೆ ಕಾಲುವೆ ಪಕ್ಕದ ಮಡಿಯಲ್ಲಿ ಮೂರು ಎದ್ದವು.

ಹುಲ್ಲನ್ನು ಮಧ್ಯಾಹ್ನಕ್ಕೆ ಬದಲಿಸುವುದು ಮರೆಯಬೇಡ.

ನಿನ್ನ ಅಪ್ಪ