ಗದ್ದೆ ನಮ್ಮದಾಗುವ ಮುನ್ನ: ಮಗಳಿಗೊಂದು ಪತ್ರ

ಮೂಡಿಗೆರೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಭೂಸುಧಾರಣೆಯ ಕುರಿತು ನೀನು ಬರೆಯುತ್ತಿರುವ ಪ್ರಬಂಧದ ಕರಡನ್ನು ಓದಿದೆ. ಕಾನೂನು ಬಂತು, ಗೇಣಿದಾರರು ಒಡೆಯರಾದರು ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರುವೆ. ಆ ಎರಡರ ನಡುವಿನ ವರ್ಷಗಳಲ್ಲಿಯೇ ನಾನು ಬೆಳೆದದ್ದು.

1974ರ ಮಾರ್ಚ್ 1ರಂದು ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು; ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸಾಬೀತುಪಡಿಸಬೇಕಾಯಿತು. ನಿನ್ನಜ್ಜನ ಬಳಿ ಗೇಣಿ ಚೀಟಿಯೇ ಇರಲಿಲ್ಲ. ಭತ್ತ ಅಳೆದುಕೊಟ್ಟು ಬರುವ ಪದ್ಧತಿಗೆ ರಸೀದಿ ಎಲ್ಲಿಯದು? ಮಂಡಳಿಯಲ್ಲಿ ವಕೀಲರು ವಾದಿಸುವಂತಿಲ್ಲ ಎಂಬ ನಿಯಮ ಬಡವರ ಅನುಕೂಲಕ್ಕೇ ಮಾಡಿದ್ದಿರಬಹುದು, ಆದರೆ ನಾಲ್ಕು ಜನರೆದುರು ಮಾತನಾಡಿ ಅಭ್ಯಾಸವಿಲ್ಲದ ಅಜ್ಜ ರಾತ್ರಿಯೆಲ್ಲ ಗದ್ದೆಯ ಚಕ್ಕುಬಂದಿಯನ್ನು, ನಾಲ್ಕು ದಿಕ್ಕಿನ ಎಲ್ಲೆಗಳನ್ನು, ಬಾಯಿಪಾಠ ಮಾಡುತ್ತಿದ್ದರು.

ಅರ್ಜಿ ಹಾಕಿದ ವರ್ಷದಿಂದಲೇ ಒಡೆಯರ ಮನೆಯ ಸಾಲ ನಿಂತಿತು. ಬಿತ್ತನೆಯ ಭತ್ತ, ಮಳೆಗಾಲದ ಅಕ್ಕಿ, ಹೆರಿಗೆಗೂ ಜ್ವರಕ್ಕೂ ಬೇಕಾಗುವ ಹಣ, ಎಲ್ಲವೂ ಅಲ್ಲಿಂದಲೇ ಬರುತ್ತಿತ್ತು. ಗೇಣಿ ಸುಲಿಗೆಯೆಂದು ನೀನು ಬರೆದಿರುವುದು ನಿಜ; ಆದರೆ ಸುಲಿಯುವ ಕೈಯೇ ಸಾಲ ಕೊಡುವ ಕೈಯೂ ಆಗಿತ್ತು, ಪಹಣಿಯಲ್ಲಿ ಹೆಸರಿಲ್ಲದ ನಮಗೆ ಬೇರೆಲ್ಲಿಯೂ ಸಾಲ ಹುಟ್ಟುತ್ತಿರಲಿಲ್ಲ. ಆಷಾಢದಲ್ಲಿ ಅಜ್ಜಿ ಬೇಯಿಸುತ್ತಿದ್ದ ಕೆಸುವನ್ನೂ ಕಳಲೆಯನ್ನೂ ನೀನಿಂದು ಮಲೆನಾಡಿನ ರುಚಿಯೆಂದು ಕೇಳಿ ಹಾಕಿಸಿಕೊಳ್ಳುತ್ತೀಯೆ. ಆಗ ಅದನ್ನು ಅನ್ನದ ಬದಲಿಗೆ ಉಂಡೆವು.

ಇನ್ನೊಂದು ಸಂಗತಿ ನಿನ್ನ ಕರಡಿನಲ್ಲಿ ಬಂದೇ ಇಲ್ಲ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಕಾಯಿದೆಯ 104ನೇ ಕಲಮು ಭೂಮಿತಿಯಿಂದ, ಅಂದರೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದೆಂಬ ಮಿತಿಯಿಂದ, ವಿನಾಯಿತಿ ಕೊಟ್ಟಿತ್ತು. ಕೆಳಗಿನ ಗದ್ದೆಗಾಗಿ ಯಾರ ವಿರುದ್ಧ ಅರ್ಜಿ ಹಾಕಿದ್ದೆವೋ, ಮೇಲಿನ ತೋಟ ಅವರದೇ ಆಗಿ ಉಳಿಯಿತು. ಡಿಸೆಂಬರಿನಲ್ಲಿ ಅಜ್ಜಿಯೂ ನಾನೂ ಕಾಫಿ ಹಣ್ಣು ಕೊಯ್ಯಲು ಹೋದದ್ದು ಆ ತೋಟಕ್ಕೇ. ತೋಟದ ಲೆಕ್ಕ ಬರೆಯುವ ರೈಟರು ತಲೆಯೆತ್ತದೆ ಹೆಸರು ಬರೆದುಕೊಂಡರು, ಬೇಡವೆನ್ನಲಿಲ್ಲ; ಕೊಯ್ಲಿನ ಕಾಲದಲ್ಲಿ ಆಳು ಸಿಗುವುದು ಅವರಿಗೂ ಕಷ್ಟವೇ. ನನ್ನ ಶಾಲೆ ತಪ್ಪಿದ್ದು ಆ ತಿಂಗಳುಗಳಲ್ಲಿ.

1978ರ ಉಪಚುನಾವಣೆಗೆ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಲ್ಲಿ ನಿಂತಾಗ ದೇಶವೇ ನಮ್ಮ ಜಿಲ್ಲೆಯ ಕಡೆ ನೋಡುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಮಂಡಳಿಯ ಮುಂದಿನ ತಾರೀಖಿನದೇ ಮಾತು.

ಆದೇಶ ಕೊನೆಗೂ ನಮ್ಮ ಪರವಾಗಿಯೇ ಆಯಿತು. ಪಹಣಿಗೆ ಏರಿದ್ದು ಅಜ್ಜನ ಹೆಸರು, ಅಲ್ಲಿಯವರೆಗೆ ಮನೆ ನಡೆದದ್ದು ಅಜ್ಜಿಯ ಕೂಲಿಯಲ್ಲಿ. ಈ ಕಾನೂನು ತಂದ ಮುಖ್ಯಮಂತ್ರಿ ದೇವರಾಜ ಅರಸರ ಬಗ್ಗೆ ಬರೆದಿರುವ ಒಂದು ಸಾಲನ್ನೂ ತೆಗೆಯಬೇಡ. ಆ ಕಾನೂನು ಇಲ್ಲದಿದ್ದರೆ ಗದ್ದೆ ನಮಗೆ ಬರುತ್ತಿರಲಿಲ್ಲ. ಆದರೆ 104ನೇ ಕಲಮನ್ನು ಸೇರಿಸು, ಹಬ್ಬಕ್ಕೆ ಬಂದಾಗ ಆಗಿನ ಕೂಲಿಯ ಲೆಕ್ಕವನ್ನು ಅಜ್ಜಿಯ ಹತ್ತಿರವೇ ಕೇಳಿ ಬರೆದುಕೋ.

ನಿನ್ನ ಅಮ್ಮ